ಮಗುವಿನ ಇಂಜೆಕ್ಷನ್ ದಿನ ತಾಯಿಗೂ ಒಂದು ಟೆಸ್ಟ್

ಗೆಳೆಯಾ,

ಮಗಳು ಹುಟ್ಟಿದ ಸುದ್ದಿ ಕೇಳಿ ಇಲ್ಲಿ ಲ್ಯಾಬಿನಲ್ಲಿ ಎಲ್ಲರಿಗೂ ಪೇಡ ಹಂಚಿದೆ. ದಾವಣಗೆರೆಗೆ ಬಂದಾಗ ನೀನು ಬೆಣ್ಣೆ ದೋಸೆ ಕೊಡಿಸಬೇಕು, ಅದು ಬೇರೆ ಲೆಕ್ಕ. ಆದರೆ ನಿನ್ನ ಮೆಸೇಜಿನ ಕೊನೆಗೆ ಒಂದು ಸಾಲು ಇತ್ತಲ್ಲ, "ಶುಗರ್ ಕಾಟನೂ ಮುಗೀತು ಮಾರಾಯ, ಹೆರಿಗೆ ಆದಮೇಲೆ ನಾರ್ಮಲ್ ಅಂತೆ" ಅಂತ, ಬಸುರಿ ಇದ್ದಾಗ ತಂಗಿಗೆ, ಅಂದರೆ ನಿನ್ನ ಹೆಂಡತಿಗೆ, ಬಂದಿದ್ದ ಶುಗರ್ ಬಗ್ಗೆ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಮರೆತುಬಿಡುತ್ತೀಯ. ನಿನ್ನ ಹೆಸರು ಹಾಕದೆ ಎಲ್ಲರಿಗೂ ಕಾಣೋ ಹಾಗೆ ಬರೆಯುತ್ತಿದ್ದೇನೆ, ಯಾಕಂದ್ರೆ ಇದೇ ಮಾತನ್ನು ಪಿ.ಜೆ. ಬಡಾವಣೆಯ ನಮ್ಮ ಲ್ಯಾಬಿಗೆ ಬರೋ ಗಂಡಂದಿರು ಎಷ್ಟೋ ಜನ ಹೇಳುತ್ತಾರೆ.

ಶುಗರ್ ಇಳಿದದ್ದು ನಿಜ. ಬಸುರಿ ಇದ್ದಾಗ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಹೆರಿಗೆಯಾಗಿ ಮಾಸು ಬಿತ್ತು ಅಂದರೆ ಆ ಅಡ್ಡಿ ಹೋಯಿತು, ಸಕ್ಕರೆ ತಾನಾಗೇ ಇಳಿಯುತ್ತದೆ. ಆದರೆ ಮಾಸು ಎಲ್ಲ ಬಸುರಿಯರಿಗೂ ಇರುತ್ತೆ, ಶುಗರ್ ಎಲ್ಲರಿಗೂ ಬರಲ್ಲ ಅಲ್ವಾ? ಬಂದವರಲ್ಲಿ ಹೆಚ್ಚಿನವರಿಗೆ ಇನ್ಸುಲಿನ್ ಮೊದಲೇ ಸಾಕಾಗುವಷ್ಟಕ್ಕೆ ಮಾತ್ರ ಇತ್ತು, ಬಸುರಿಯಲ್ಲಿ ಅದರ ಮೇಲೆ ಭಾರ ಜಾಸ್ತಿಯಾದಾಗ ಆ ಕೊರತೆ ಹೊರಗೆ ಬಿತ್ತು. ಇಂಥವರಿಗೆ ಮುಂದೆ ಖಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ 7ರಿಂದ 10 ಪಟ್ಟು ಜಾಸ್ತಿ. ಕೆಲವರಿಗೆ ವರ್ಷದೊಳಗೇ, ಕೆಲವರಿಗೆ ಹತ್ತು ಹದಿನೈದು ವರ್ಷಕ್ಕೆ, ಎಷ್ಟೋ ಜನರಿಗೆ ಬರೋದೇ ಇಲ್ಲ. ತಂಗಿ ಯಾವ ಗುಂಪಿಗೆ ಸೇರುತ್ತಾಳೆ ಅಂತ ಆಸ್ಪತ್ರೆಯಿಂದ ಮನೆಗೆ ಕಳಿಸೋ ದಿನ ಬೆರಳು ಚುಚ್ಚಿ ನೋಡಿದ ಒಂದು ನಂಬರ್ ಹೇಳಲ್ಲ.

ಅದಕ್ಕೆ ಸರಿಯಾದ ಟೆಸ್ಟ್ ಹೆರಿಗೆಯಾಗಿ ಆರು ವಾರಕ್ಕೆ. ಮಗುವಿಗೆ ಒಂದೂವರೆ ತಿಂಗಳ ಇಂಜೆಕ್ಷನ್ ಹಾಕಿಸೋದೂ ಸರಿಯಾಗಿ ಅದೇ ಹೊತ್ತಿಗೆ. ಮಗುವಿನ ಇಂಜೆಕ್ಷನ್ ಯಾರೂ ತಪ್ಪಿಸಲ್ಲ, ಆಶಾ ಕಾರ್ಯಕರ್ತೆ ಫೋನ್ ಮಾಡ್ತಾರೆ, ಅಜ್ಜಿ ದಿನ ಎಣಿಸ್ತಿರ್ತಾಳೆ, ಮನೆಮಂದಿಯೆಲ್ಲ ಆಟೋ ಹತ್ತುತ್ತಾರೆ. ತಾಯಿ ಮಾತ್ರ ಮಗು ಎತ್ತಿಕೊಳ್ಳೋಕೆ ಬಂದವಳ ಹಾಗೆ ಮೂಲೆಯಲ್ಲಿ ಕೂತಿರುತ್ತಾಳೆ. ಆವತ್ತೇ ಅವಳ ರಕ್ತವನ್ನೂ ಕೊಡಿಸು. ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳು, ಅಲ್ಲಿ ಆಗದಿದ್ದರೆ ಚಿತ್ರದುರ್ಗ ಎಷ್ಟು ದೂರ?

ಏನು ಮಾಡ್ತಾರೆ ಅಂದರೆ, ರಾತ್ರಿ ಊಟ ಆದಮೇಲೆ ಏನೂ ತಿನ್ನದೆ ಬೆಳಗ್ಗೆ ಬರಬೇಕು, ನೀರು ಕುಡಿಯಬಹುದು. ಮೊದಲು ಖಾಲಿ ಹೊಟ್ಟೆಯ ರಕ್ತ. ಆಮೇಲೆ 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಐದು ಹತ್ತು ನಿಮಿಷದೊಳಗೆ ಕುಡಿಯಬೇಕು. ಅದು ಎಷ್ಟು ಸಿಹಿ ಅಂದರೆ ಅರ್ಧ ಲೋಟಕ್ಕೇ ಮುಖ ಕಿವುಚಿ "ಸಾಕಣ್ಣ" ಅಂತಾರೆ. ನಾವು ಒಂದಿಷ್ಟು ನಿಂಬೆರಸ ಹಿಂಡಿ ಕೊಡ್ತೀವಿ, ಆಗ ಇಳಿಯುತ್ತೆ. ಎರಡು ಗಂಟೆ ಸುಮ್ನೆ ಕೂತು ಮತ್ತೆ ರಕ್ತ ಕೊಡಬೇಕು, ಆ ಹೊತ್ತಿನಲ್ಲಿ ಮಗುವಿಗೆ ಹಾಲು ಕುಡಿಸಬಹುದು. ಇದನ್ನು ಮೊದಲು ಮುಗಿಸಿ ಆಮೇಲೆ ಮಗುವಿಗೆ ಸೂಜಿ ಹಾಕಿಸು. ಇಲ್ಲಾಂದ್ರೆ ಅಳೋ ಮಗು ಹಿಡಿದುಕೊಂಡು "ನಾಳೆ ಬರ್ತೀವಿ" ಅಂತ ಹೋದವರು ಬರಲ್ಲ, ನೋಡಿದ್ದೀನಿ.

ಎರಡು ಗಂಟೆಯ ನಂಬರ್ 140ಕ್ಕಿಂತ ಕಮ್ಮಿ ಇದ್ದರೆ ಸದ್ಯಕ್ಕೆ ನಾರ್ಮಲ್. 140ರಿಂದ 199 ಇದ್ದರೆ ಸಕ್ಕರೆ ಕಾಯಿಲೆಯ ಗಡಿಯಲ್ಲಿ ಇದೆ ಅಂತ. 200 ಮುಟ್ಟಿದರೆ, ಇಲ್ಲ ಖಾಲಿ ಹೊಟ್ಟೆಯದು 126 ಮುಟ್ಟಿದರೆ ಡಾಕ್ಟರ ಹತ್ತಿರ ತಡ ಮಾಡದೆ ಹೋಗಬೇಕು. "ಮೂರು ತಿಂಗಳ ಸರಾಸರಿ ಟೆಸ್ಟ್ ಮಾಡ್ಸಿದ್ರೆ ಸಾಕಲ್ವಾ, ಗ್ಲೂಕೋಸ್ ಯಾಕೆ" ಅಂತ ನೀನು ಕೇಳೇ ಕೇಳ್ತೀಯ. ಬಾಣಂತಿಗೆ ಈಗ ಅದು ಬೇಡ. ಹೆರಿಗೆಯಲ್ಲಿ ರಕ್ತ ಹೋಗಿರುತ್ತೆ, ಹೊಸ ರಕ್ತಕಣ ಬರ್ತಿರುತ್ತೆ, ಸರಾಸರಿ ಸುಳ್ಳೇ ಕಮ್ಮಿ ತೋರಿಸಬಹುದು. ನಾರ್ಮಲ್ ಬಂದರೂ ಅಲ್ಲಿಗೆ ಬಿಡಬೇಡ, ವರ್ಷಕ್ಕೊಮ್ಮೆ ನೋಡಿಸ್ತಾ ಇರು.

ಇನ್ನು ಬಾಣಂತನದ ಊಟ. ಇಲ್ಲಿ ನಾನು ಹುಷಾರಾಗಿ ಮಾತಾಡಬೇಕು, ನಿಮ್ಮತ್ತೆ ಓದಿದರೆ ನನ್ನ ಗತಿ ಅಷ್ಟೇ. ಅಂಟಿನುಂಡೆ ಬಿಡಿ ಅಂತ ನಾನು ಹೇಳಲ್ಲ. ದಿನಕ್ಕೆ ಮೂರು ಉಂಡೆ, ಮೇಲೆ ಬೆಲ್ಲದ ಸಜ್ಜಕ, ಮಧ್ಯಾಹ್ನ ಬಿಸಿ ಅನ್ನಕ್ಕೆ ಕೈತುಂಬ ತುಪ್ಪ, ಜೊತೆಗೆ ಮಂಚ ಬಿಟ್ಟು ಇಳಿಯಬಾರದು ಅನ್ನೋ ಕಟ್ಟುನಿಟ್ಟು, ಇದು ಶುಗರ್ ಬಂದುಹೋದ ಮೈಗೆ ಒಗ್ಗಲ್ಲ. ಬೆಲ್ಲ ಸಕ್ಕರೆಗಿಂತ ಒಳ್ಳೇದು ಅಂತ ಅತ್ತೆ ಅಂದರೆ ನಗಬೇಡ, ಆದರೆ ರಕ್ತದಲ್ಲಿ ಎರಡೂ ಸಕ್ಕರೆಯೇ. ಉಂಡೆ ಸಣ್ಣದಾಗಲಿ, ಜೋಳದ ರೊಟ್ಟಿ, ಬೇಳೆ, ಸೊಪ್ಪು, ಮೊಟ್ಟೆ ತಟ್ಟೆಗೆ ಬರಲಿ. ಬಾಣಂತಿಗೆ ಸೊಪ್ಪು ಆಗಲ್ಲ, ನೀರು ಆಗಲ್ಲ ಅನ್ನೋದು ಹಳೆ ಭಯ, ಹಾಲು ಕುಡಿಸೋಳಿಗೆ ಬಾಯಾರಿಕೆ ಆಗಲ್ವಾ? ಎದೆಹಾಲು ಕುಡಿಸೋದು ಮಗುವಿಗಷ್ಟೇ ಅಲ್ಲ, ತಾಯಿಗೆ ಮುಂದೆ ಸಕ್ಕರೆ ಕಾಯಿಲೆ ಬರೋ ಸಾಧ್ಯತೆಯನ್ನೂ ಕಮ್ಮಿ ಮಾಡುತ್ತೆ. ಹೊಲಿಗೆ ಮಾಗಿದ ಮೇಲೆ ಡಾಕ್ಟರನ್ನು ಕೇಳಿ ಅಂಗಳದಲ್ಲಿ ನಡೆಯೋಕೆ ಶುರು ಮಾಡಲಿ.

ಆಮೇಲೆ ನಿನ್ನ ಪಾಲು ಇದೆ. ಬಾಣಂತನ ಮುಗಿಸಿ ಅವಳು ಬೆಂಗಳೂರಿಗೆ ಬಂದಮೇಲೆ ಸಂಜೆ ಅರ್ಧ ಗಂಟೆ ಮಗುವನ್ನು ನೀನು ಹಿಡಿದುಕೋ, ಅವಳು ವಾಕಿಂಗ್ ಹೋಗಲಿ. "ವಾಕಿಂಗ್ ಮಾಡಮ್ಮ" ಅಂತ ಉಪದೇಶ ಮಾಡೋ ಗಂಡಸರೆಲ್ಲ ಮಗುವನ್ನು ಅವಳ ಕಂಕುಳಲ್ಲೇ ಬಿಟ್ಟು ತಾವು ಮಾತ್ರ ಕುಂದವಾಡ ಕೆರೆ ಸುತ್ತುತ್ತಾರೆ! ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅನ್ನೋ ದೊಡ್ಡ ಅಧ್ಯಯನದಲ್ಲಿ ಹಿಂದೆ ಬಸುರಿ ಇದ್ದಾಗ ಶುಗರ್ ಬಂದು, ಆಮೇಲೆ ಗಡಿಯಲ್ಲಿ ಇದ್ದ ಹೆಂಗಸರೂ ಇದ್ದರು. ವಾರಕ್ಕೆ 150 ನಿಮಿಷ ನಡೆದು, ತೂಕ ಸ್ವಲ್ಪ ಇಳಿಸಿದ್ದಕ್ಕೆ ಕಾಯಿಲೆ ಬರೋದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆಯೂ ಅಷ್ಟೇ ಕೆಲಸ ಮಾಡಿತು, ಅದು ಬೇಕೋ ಬೇಡವೋ ಡಾಕ್ಟರ್ ಹೇಳಲಿ.

ನಿಮ್ಮಕ್ಕನ ವಿಷಯವೂ ನೆನಪಾಯಿತು. ಅವರಿಗೆ ಬಸುರಿ ಇದ್ದಾಗ ಬಿಪಿ ಏರಿ, ದಿನ ತುಂಬೋ ಮೊದಲೇ ಸಿಸೇರಿಯನ್ ಮಾಡಿದ್ರಲ್ಲ? ಆಮೇಲೆ ಬಿಪಿ ನೋಡಿಸಿದ್ದಾರಾ ಕೇಳು. ಹಾಗೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋದವರಿಗೆ ಮುಂದೆ ಹೃದಯದ ತೊಂದರೆ, ಲಕ್ವ ಬರೋ ಸಾಧ್ಯತೆ ಸುಮಾರು ಎರಡು ಪಟ್ಟು. ಅವರು ಮೂವತ್ತು ದಾಟಿದ್ದಾರೆ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಎರಡೂ ದುಡ್ಡಿಲ್ಲದೆ ನೋಡ್ತಾರೆ. 140/90 ಮುಟ್ಟಿದ್ದರೆ ತಲೆನೋವಿನ ಮಾತ್ರೆ ನುಂಗಿ ಸುಮ್ಮನಾಗಬಾರದು.

ಎರಡನೇ ಮಗು ಬೇಕು ಅಂತ ಅನಿಸಿದಾಗ ಮೊದಲೇ ಒಂದು ಶುಗರ್ ಟೆಸ್ಟ್. ಬಸುರಿ ಅಂತ ಗೊತ್ತಾದ ಕೂಡಲೇ ಇನ್ನೊಂದು, ನಾರ್ಮಲ್ ಇದ್ದರೆ 24ರಿಂದ 28 ವಾರದೊಳಗೆ ಮತ್ತೆ. ಮೊದಲ ಭೇಟಿಯಲ್ಲೇ ಡಾಕ್ಟರಿಗೆ "ಹೋದ ಸಲ ಶುಗರ್ ಇತ್ತು" ಅಂತ ಹೇಳಬೇಕು, ಅವರು ಕೇಳಲಿ ಅಂತ ಕಾಯಬಾರದು. ತಾಯಿ ಕಾರ್ಡು, ಹಳೇ ರಿಪೋರ್ಟು ಎಸೆಯಬೇಡ.

ತಂಗಿಗೆ ಗ್ಲೂಕೋಸ್ ಕುಡಿಯೋಕೆ ಹೆದರಿಕೆ ಇದ್ದರೆ ಫೋನ್ ಕೊಡು, ನಾನೇ ಮಾತಾಡ್ತೀನಿ. ರಿಪೋರ್ಟ್ ಬಂದ ದಿನವೇ ಫೋಟೋ ಕಳಿಸು, ಎರಡೂ ನಂಬರ್ ಕಾಣೋ ಹಾಗೆ ತೆಗಿ.

ಇಂತಿ ನಿನ್ನ,
ದಾವಣಗೆರೆಯ ರಕ್ತ ತೆಗೆಯೋ ಗೆಳೆಯ