ಆ ಫೋಟೋದಲ್ಲಿ ಕೈ ಕಪ್ಪಾಗಿದ್ದು ಯಾಕೆಂದರೆ

ಡೆಟ್ರಾಯಿಟ್ ಹತ್ತಿರ, ಮೇ 18

ಅಮ್ಮಾ,

ನಮಸ್ಕಾರ. ನಾನು ಕ್ಷೇಮ, ನೀವೂ ಕ್ಷೇಮ ಅಂದುಕೊಂಡಿದ್ದೇನೆ. ಚಟ್ನಿಪುಡಿ ಜೊತೆ ಇಟ್ಟಿದ್ದ ಕಾಗದ ಶುಕ್ರವಾರ ಕೈಗೆ ಬಂತು. ಪುಡಿ ಆಗಲೇ ಅರ್ಧ ಖಾಲಿ. ಕಾಗದ ನಾಲ್ಕು ಸಲ ಓದಿದೆ.

ಫೋನಿನಲ್ಲಾದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ ಅಂತ ನೀನು ಬರೆದು ಕಳಿಸಿದೆ. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಕೇಳು. ನನ್ನ ಕೆಲಸ ಹೋಗಿಲ್ಲ. ಯಾವ ಗ್ಯಾರೇಜಿಗೂ ಸೇರಿಕೊಂಡಿಲ್ಲ. ಸಾಲ ಮಾಡಿಲ್ಲ. ಪದ್ಮಕ್ಕ ತೋರಿಸಿದ ಫೋಟೋದಲ್ಲಿ ಕಾರಿನ ಕೆಳಗೆ ಮಲಗಿರುವುದು ನಾನೇ, ಮೊಣಕೈವರೆಗೆ ಮಸಿ ಆಗಿರುವುದೂ ನಿಜ. ಅಷ್ಟು ನೋಡಿ ಅಪ್ಪ ‘ಸೀನು ಕಷ್ಟದಲ್ಲಿದ್ದಾನೆ, ಕಣ್ಣಿನ ಆಪರೇಷನ್ ಈಗ ಬೇಡ’ ಅಂತ ಡಾಕ್ಟರಿಗೆ ಹೇಳಿ ಎದ್ದು ಬರುವುದಾ? ಪೊರೆ ಬಂದಿರುವುದು ಕಣ್ಣಿಗೆ. ನನ್ನ ಕಾರಿಗೂ ಅದಕ್ಕೂ ಏನು ಸಂಬಂಧ?

ಆಗಿದ್ದು ಇಷ್ಟು. ಹೋದ ವರ್ಷ ತೆಗೆದುಕೊಂಡೆನಲ್ಲ, 1995ರ ಮಸ್ಟಾಂಗ್. ಎಂಟು ಸಿಲಿಂಡರ್ ಗಾಡಿ. ಎಂಜಿನ್ನಿನ ಎರಡೂ ಪಕ್ಕ ನಾಲ್ಕು ನಾಲ್ಕು ಕೊಳವೆ ಹೊರಟು ಒಂದಾಗಿ ಸೇರುತ್ತವೆ. ಉರಿದ ಹೊಗೆ ಹೊರಗೆ ಹೋಗುವ ದಾರಿ ಅದು. ನಮ್ಮ ಬಚ್ಚಲ ಒಲೆಗೆ ಹೊಗೆ ಕೊಳವೆ ಇದೆಯಲ್ಲ, ಹಾಗೆ. ಇಲ್ಲಿ ಅದಕ್ಕೆ ಹೆಡರ್ ಅಂತಾರೆ. ಹಳೇ ಮಾಲೀಕ ಮಾಮೂಲಿ ಉಕ್ಕಿನದು ಹಾಕಿಸಿದ್ದ. ಪೂರ್ತಿ ತುಕ್ಕು.

ತುಕ್ಕು ಹಿಡಿಯದೆ ಇರುತ್ತಾ? ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ ಇಲ್ಲಿ. ಚಿಟಿಕೆ ಉಪ್ಪಲ್ಲ, ಲಾರಿಗಟ್ಟಲೆ. ಡೆಟ್ರಾಯಿಟ್ ಊರಿನ ಕೆಳಗೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ ಅಂದರೆ ನಂಬುತ್ತೀಯಾ? ಮಂಗಳೂರಿನ ಗಾಳಿಗೆ ಗಾಡಿ ಹಾಳಾಗುತ್ತೆ ಅಂತ ಚಿಕ್ಕಪ್ಪ ಗೊಣಗುತ್ತಿದ್ದರು. ಅವರು ಇಲ್ಲಿಗೆ ಬಂದು ನೋಡಬೇಕು.

ಅಂಗಡಿಗೆ ಕೊಟ್ಟಿದ್ದರೆ ನಾನೂರು ಡಾಲರ್ ಮೇಲೆ ಕೇಳುತ್ತಿದ್ದರು. ದುಡ್ಡಿಲ್ಲದೆ ಕೊಡಲಿಲ್ಲ ಅಂದುಕೊಳ್ಳಬೇಡ. ಇಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ಭಾನುವಾರ ಕಾರಿನ ಕೆಳಗೆ ಮಲಗಿರುತ್ತಾರೆ. ಅದು ಅವರಿಗೆ ಶೋಕಿ. ಪಕ್ಕದ ಮನೆ ತಾತ ಕಾರು ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನಾನು ಸ್ಪ್ಯಾನರ್ ಹಿಡಿದಿದ್ದೇ ತಡ, ಮಡಚುವ ಕುರ್ಚಿ ತಂದು ಹಾಕಿಕೊಂಡು ಕೂತರು. ನಮ್ಮ ಅರಳಿಕಟ್ಟೆಯವರ ಹಾಗೆ ಎಲ್ಲಕ್ಕೂ ಒಂದು ಮಾತು.

ಹೆಡರ್ ಎಂಜಿನ್ನಿಗೆ ಹಿಡಿದಿರುವುದು ಹದಿನಾರು ಬೋಲ್ಟು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಮೊದಲು ಚೂರೇ ಚೂರು ಬಿಗಿ ಮಾಡು, ಆಮೇಲೆ ಸಡಿಲಿಸು ಅಂದರು ತಾತ. ಹದಿನೈದು ಬಂದವು. ಕೊನೆಯದರ ತಲೆ ‘ಟಕ್’ ಅಂತ ಕಿತ್ತು ಕೈಗೆ ಬಂತು. ಹೆಡರ್ ಇಳಿಸಿದ ಮೇಲೆ ಮುಂಡ ಅರ್ಧ ಇಂಚು ಹೊರಗೆ ನಿಂತಿತ್ತು. ಪಟ್ಟು ಹಿಡಿಯುವ ಇಕ್ಕಳ ಹಾಕಿ, ಸ್ವಲ್ಪ ಬಿಸಿ ಮಾಡಿ, ಹಿಂದೆ ಮುಂದೆ ಅಲುಗಾಡಿಸಿ ತೆಗೆಯುವಷ್ಟರಲ್ಲಿ ಮಧ್ಯಾಹ್ನ ಹೋಯಿತು. ನೀನು ನೋಡಿದ ಫೋಟೋ ಆಗಿನದೇ.

ಆಮೇಲೆ ಡ್ರಿಲ್ಲಿಗೆ ತಂತಿ ಬ್ರಷ್ ಹಾಕಿ ಉಜ್ಜಿದ್ದು. ಅರಿಸಿನ-ಕುಂಕುಮ ಕಲಸಿದಂಥ ಪುಡಿ ಹಾರುತ್ತೆ. ಮಾಸ್ಕ್ ಹಾಕಿದ್ದೆ, ಕನ್ನಡಕ ಹಾಕಿದ್ದೆ, ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಉಪ್ಪುಕಾಗದ ತಿಕ್ಕಿ, ಅಸಿಟೋನ್‌ನಲ್ಲಿ ಜಿಡ್ಡು ಒರೆಸಿ, ತಂತಿಯಲ್ಲಿ ಮರಕ್ಕೆ ನೇತುಹಾಕಿದೆ. ಎದುರು ಮನೆಯಾಕೆ ಇದೇನು ಕಲಾಕೃತಿಯಾ ಅಂತ ಕೇಳಿದಳು.

ಅಪ್ಪ ಚೇತಕ್ ಸ್ಕೂಟರಿನ ಸೈಲೆನ್ಸರಿಗೆ ಗೇಟಿಗೆ ಹೊಡೆದು ಉಳಿದಿದ್ದ ಬೆಳ್ಳಿ ಬಣ್ಣ ಬಳಿದಿದ್ದರಲ್ಲ, ಯುಗಾದಿ ಕಳೆಯುವಷ್ಟರಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿತ್ತು? ಅದು ಆ ಬಣ್ಣದ ತಪ್ಪಲ್ಲ. ಈ ಕೆಲಸಕ್ಕೆ ಬೇರೆಯೇ ಸ್ಪ್ರೇ ಇದೆ. ಡಬ್ಬಿಯ ಮೇಲೆ 2000 ಡಿಗ್ರಿ ತಡೆಯುತ್ತೆ ಅಂತ ಬರೆದಿದೆ. ಫ್ಯಾರನ್‌ಹೀಟ್ ಲೆಕ್ಕ, ನಮ್ಮದರಲ್ಲಿ 1093. ಮೊದಲು ಪ್ರೈಮರ್, ಮೇಲೆ ಬಣ್ಣ, ಎಲ್ಲ ತೆಳ್ಳಗೆ ತೆಳ್ಳಗೆ. ದಪ್ಪ ಹೊಡೆದರೆ ಸೋರುತ್ತೆ, ಆಮೇಲೆ ಬಿರಿಯುತ್ತೆ.

ಆದರೆ ಬಳಿದ ಮಾತ್ರಕ್ಕೆ ಮುಗಿಯಲಿಲ್ಲ. ಹೊಸ ದೋಸೆ ಕಾವಲಿ ನೀನು ಪಳಗಿಸುತ್ತೀಯಲ್ಲ, ಕಾಯಿಸು, ಆರಿಸು, ಮತ್ತೆ ಕಾಯಿಸು, ಇದಕ್ಕೂ ಹಾಗೇ ಮಾಡಬೇಕು. ಓವನ್ನಿನಲ್ಲಿ ಕೊನೆಗೆ 600 ಫ್ಯಾರನ್‌ಹೀಟ್‌ವರೆಗೆ ಏರಿಸಬೇಕು. ಮನೆಯ ಓವನ್ ಅಷ್ಟು ಏರುವುದಿಲ್ಲ, ಏರಿದರೂ ಅನ್ನ ತಿನ್ನುವ ಒಲೆಯಲ್ಲಿ ಬಣ್ಣದ ಹೊಗೆ ಎಬ್ಬಿಸುವುದುಂಟೇ? ಹಾಗಾಗಿ ಹೊಸ ಗ್ಯಾಸ್ಕೆಟ್ (ಸಂದಿಯಲ್ಲಿ ಹೊಗೆ ಸೋರದಂತೆ ಇಡುವ ಪಟ್ಟಿ) ಹಾಕಿ ಹೆಡರ್ ಕಾರಿಗೇ ಜೋಡಿಸಿ, ಎಂಜಿನ್ ಹತ್ತು ನಿಮಿಷ ಓಡಿಸಿ ಆರಲು ಬಿಟ್ಟೆ. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಆರಲು ಬಿಟ್ಟು ಅರ್ಧ ಗಂಟೆ. ಗಾಬರಿ ಬೇಡ, ಎಲ್ಲ ಬಯಲಲ್ಲಿ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಮುಚ್ಚಿದ ಗ್ಯಾರೇಜಿನಲ್ಲಿ ಪ್ರಾಣಕ್ಕೇ ಕುತ್ತು. ನನಗಷ್ಟು ಬುದ್ಧಿ ಇದೆ. ಮೊದಲ ಸಲ ಹೊಗೆ ಎದ್ದಾಗ ತಾತ ಮಾತ್ರ ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

ಒಂದು ಕಡೆ ಬಣ್ಣ ಎದ್ದಿದೆ. ಸರಿಯಾಗಿ ನನ್ನ ಹೆಬ್ಬೆರಳಿನ ಗಾತ್ರ. ಒರೆಸಿದ ಮೇಲೆ ಮುಟ್ಟಿಬಿಟ್ಟಿದ್ದೆ, ಕೈ ಜಿಡ್ಡು. ಬಿಡು, ಕೆಳಗಿದೆ, ಯಾರಿಗೂ ಕಾಣಲ್ಲ.

ಈಗ ಅಪ್ಪನ ವಿಷಯ. ಪೊರೆ ಆಪರೇಷನ್ ಸಾಮಾನ್ಯವಾಗಿ ಅರ್ಧ ಗಂಟೆಯೂ ಹಿಡಿಯಲ್ಲ, ಅವತ್ತೇ ಮನೆಗೆ ಕಳಿಸುತ್ತಾರೆ. ಅಕ್ಕನ ಖಾತೆಗೆ ಅರವತ್ತು ಸಾವಿರ ಹಾಕಿದ್ದೇನೆ. ಕಡಿಮೆ ಬಿದ್ದರೆ ಹೇಳು, ಜಾಸ್ತಿಯಾದರೆ ಅವರಿಗೆ ಒಳ್ಳೆಯ ಕನ್ನಡಕ ಕೊಡಿಸು. ಸುಮ್ನೆ ದಿನ ನೋಡುತ್ತಾ ಕೂರಬೇಡಿ. ಆಷಾಢ, ಶ್ರಾವಣ ಅಂತ ಶುರು ಮಾಡಿದರೆ ದೀಪಾವಳಿಯೇ. ರಾತ್ರಿ ಬಚ್ಚಲಿಗೆ ಹೋಗುವಾಗ ಮೆಟ್ಟಿಲು ತಪ್ಪಿದರಂತೆ, ನೀನು ಬರೆಯಲಿಲ್ಲ, ಪದ್ಮಕ್ಕ ಹೇಳಿದಳು. ನನಗೆ ನಿದ್ದೆ ಕೆಟ್ಟಿದ್ದು ಅದರಿಂದ.

ಒಂದು ಮಾತು, ಅಪ್ಪನಿಗೆ ಓದಿ ಹೇಳಬೇಡ. ಮಾರ್ಚ್‌ನಿಂದ ಓವರ್‌ಟೈಮ್ ನಿಂತಿದೆ. ಅದಕ್ಕೇ ಶನಿವಾರ ಬಿಡುವು ಸಿಕ್ಕಿದ್ದು. ಸಂಬಳ ಬರುತ್ತಿದೆ, ಅಷ್ಟೇ ವಿಷಯ, ಬೇರೇನೂ ಇಲ್ಲ. ನಿಜವಾಗಿಯೂ ಇಲ್ಲ.

ಇಲ್ಲಿ ಮನೆ ಮುಂದಿನ ಡಬ್ಬಿಯ ಕೆಂಪು ಬಾವುಟ ಎತ್ತಿಟ್ಟರೆ ಅಂಚೆಯವನೇ ಕಾಗದ ತೆಗೆದುಕೊಂಡು ಹೋಗುತ್ತಾನೆ. ಅವನ ವ್ಯಾನು ಆಗಲೇ ಮೂಲೆ ಮನೆ ಹತ್ತಿರ ಬಂತು. ಡಾಕ್ಟರ್ ಕೊಟ್ಟ ತಾರೀಖು ತಕ್ಷಣ ತಿಳಿಸು. ಮಿಕ್ಕಿದ್ದು ಆಮೇಲೆ.

ನಿನ್ನ
ಸೀನು