ಬಂಡೀಪುರದ ಬೇಸಿಗೆ ಮುಗಿಯಿತು, ಇಷ್ಟು ಜನಕ್ಕೆ ಥ್ಯಾಂಕ್ಸ್ ಹೇಳಲೇಬೇಕು

ಮುಂಗಾರು ಹಿಡಿದಿದೆ. ಇನ್ನು ಈ ವರ್ಷದ ಮಟ್ಟಿಗೆ ಕಾಡಿನ ಬೆಂಕಿಯ ಭಯ ಇಲ್ಲ. ಬಂಡೀಪುರದಲ್ಲಿ ನಮ್ಮ ಸ್ವಯಂಸೇವಕರ ತಂಡ ಓಡಾಡಿದ ಕಡೆ ಈ ಸಲ ದೊಡ್ಡ ಬೆಂಕಿ ಬೀಳಲಿಲ್ಲ. ಬೆಂಕಿ ಬಿದ್ದರೆ ಸುದ್ದಿ, ಬೀಳದಿದ್ದರೆ ಯಾರೂ ಕೇಳುವುದಿಲ್ಲ, ಅಲ್ವಾ? ಆದರೆ ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ ಚಳಿಗಾಲದಿಂದ ಮೊದಲ ಮಳೆ ಬರುವ ತನಕ ಎಷ್ಟು ಜನ ದುಡಿದರು ಅಂತ ಹತ್ತಿರದಿಂದ ನೋಡಿದ್ದೇನೆ. ಅದನ್ನು ಹೇಳದೆ ಸುಮ್ನೆ ಇರಲು ಆಗುತ್ತಿಲ್ಲ.

ಮೊದಲನೆಯದು ಫೈರ್ ವಾಚರ್‌ಗಳಿಗೆ. ಬೇಸಿಗೆಗೆ ಅಂತ ಸುತ್ತಲಿನ ಊರು, ಬುಡಕಟ್ಟು ಜನರ ಹಾಡಿಗಳಿಂದ ದಿನಗೂಲಿಗೆ ಬರುವವರು. 2019ರ ಫೆಬ್ರವರಿ ನಿಮಗೆ ನೆನಪಿರಬಹುದು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂಡೀಪುರದ ಮೇಲೆ ನೀರು ಸುರಿದ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತ್ತು. ಅದಕ್ಕೂ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಇದೇ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಅರಣ್ಯ ರಕ್ಷಕ ಜೀವ ಕಳೆದುಕೊಂಡರು. ಹೆಲಿಕಾಪ್ಟರ್ ನೆನಪಿರುವ ಎಷ್ಟೋ ಜನಕ್ಕೆ ಆ ವಿಷಯ ಗೊತ್ತೇ ಇಲ್ಲ. ವಾಚರ್‌ಗಳಿಗೆ ಗೊತ್ತು. ಗೊತ್ತಿದ್ದೂ ಹೊಗೆ ಕಂಡ ಕಡೆ ಓಡುತ್ತಾರೆ.

ಇದು ಎಲೆ ಉದುರಿಸುವ ಕಾಡು. ಜನವರಿ ದಾಟಿದರೆ ತೇಗ, ಮತ್ತಿ, ದಿಂಡಿಗ ಎಲ್ಲ ಬೋಳಾಗುತ್ತಾ ಬರುತ್ತವೆ, ಕೆಳಗೆ ತರಗೆಲೆ ಹಾಸಿರುತ್ತದೆ, ಹುಲ್ಲು ಒಣಗಿ ನಿಂತಿರುತ್ತದೆ. ಒಂದು ಕಿಡಿ ಸಾಕು. ಬಿದಿರು ಬಿದಿರು ಉಜ್ಜಿ ಬೆಂಕಿ ಹತ್ತುತ್ತದೆ ಅಂತ ಈಗಲೂ ಹೇಳುವವರಿದ್ದಾರೆ. ದಯವಿಟ್ಟು ನಂಬಬೇಡಿ. ನಮ್ಮ ಕಾಡುಗಳಲ್ಲಿ ಬೀಳುವ ಬೆಂಕಿ ಹೆಚ್ಚುಕಮ್ಮಿ ಎಲ್ಲವೂ ಮನುಷ್ಯ ಹಚ್ಚಿದ್ದು, ಬೇಕಂತಲೋ ಅಜಾಗರೂಕತೆಯಿಂದಲೋ. ಅದಕ್ಕೇ ಚಳಿಗಾಲದಲ್ಲೇ ಬೆಂಕಿ ರೇಖೆ ಮಾಡುತ್ತಾರೆ. ರಸ್ತೆ ಪಕ್ಕ, ಗಡಿ ಉದ್ದಕ್ಕೂ ಪೊದೆ ಹುಲ್ಲು ಕಡಿದು, ಆ ಪಟ್ಟಿಯನ್ನು ತಾವೇ ಹದವಾಗಿ ಸುಟ್ಟು ಬಿಡುವುದು. ಆಮೇಲೆ ಬೆಂಕಿ ಬಂದರೂ ಅಲ್ಲಿ ತಿನ್ನಲು ಏನೂ ಸಿಗಬಾರದು. ಇದನ್ನು ತಡಮಾಡಿ, ಗಾಳಿ ಎದ್ದಮೇಲೆ ಮಾಡಿದರೆ ಅದೇ ಕೈಮೀರಿ ಹೋಗುತ್ತದೆ. ಯಾವಾಗ ಹಚ್ಚಬೇಕು, ಯಾವಾಗ ಬಿಟ್ಟು ಕಾಯಬೇಕು ಅನ್ನುವುದನ್ನು ಹುಲ್ಲು ಮುಟ್ಟಿ ನೋಡಿ ಹೇಳುವ ಹಿರಿಯರೊಬ್ಬರು ನಮ್ಮ ಜೊತೆ ಇದ್ದರು. ಅಜ್ಜ, ನೀವು "ಇವತ್ತು ಬ್ಯಾಡ" ಅಂದ ದಿನ ನಮಗೆ ಬೇಜಾರಾಗಿದ್ದು ನಿಜ, ಇಷ್ಟು ದೂರ ಬಂದು ಕೈಕಟ್ಟಿ ಕೂರಬೇಕಲ್ಲ ಅಂತ. ಮಧ್ಯಾಹ್ನದ ಗಾಳಿ ನೋಡಿದ ಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

ನಮ್ಮನ್ನು ಬೆಂಕಿಯ ಎದುರಿಗೆ ಬಿಡಲಿಲ್ಲ. ಅದೇ ಸರಿ. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿಯುವುದು ನೋಡಲು ಸುಲಭ, ಆದರೆ ಗಾಳಿ ಯಾವ ಕಡೆಗಿದೆ, ಓಡಬೇಕಾದರೆ ದಾರಿ ಎಲ್ಲಿದೆ ಅಂತ ಗೊತ್ತಿಲ್ಲದವರು ಅಲ್ಲಿ ಇದ್ದರೆ ಅವರನ್ನು ಕಾಯಲು ಇನ್ನಿಬ್ಬರು ಬೇಕಾಗುತ್ತದೆ. ನಾವು ಎಲೆ ಗುಡಿಸಿದೆವು, ನೀರಿನ ಕ್ಯಾನು ಹೊತ್ತೆವು, ವಾಚ್ ಟವರ್‌ನಲ್ಲಿ ಸರದಿ ಮೇಲೆ ಕೂತು ಹೊಗೆ ನೋಡಿದೆವು. ಉಣ್ಣೆಗಳಿಂದ ಯಥೇಚ್ಛವಾಗಿ ಕಚ್ಚಿಸಿಕೊಂಡೆವು. ಮೈಯಿಂದ ಉಣ್ಣೆ ಕೀಳುವುದನ್ನು ಹೇಳಿಕೊಟ್ಟ ಶಿಬಿರದ ಅಣ್ಣಂದಿರಿಗೆ ವಿಶೇಷ ಕೃತಜ್ಞತೆ, ನಕ್ಕಿದ್ದನ್ನೂ ಕ್ಷಮಿಸಿದ್ದೇವೆ.

ಎರಡನೆಯದು ಲಂಟಾನ ಕೀಳುವ ಅಕ್ಕಂದಿರಿಗೆ. ಬ್ರಿಟಿಷರ ಕಾಲದಲ್ಲಿ ತೋಟದ ಚೆಂದಕ್ಕೆ ಅಂತ ಬಂದ ಅಮೆರಿಕಾ ಖಂಡದ ಗಿಡ ಇದು. ಈಗ ಬಂಡೀಪುರದಲ್ಲಿ ಎಲ್ಲಿ ನೋಡಿದರೂ ಇದೇ. ಇದು ಬೆಳೆದ ಕಡೆ ಹುಲ್ಲು ಬರುವುದಿಲ್ಲ, ಹುಲ್ಲು ಇಲ್ಲದ ಕಡೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ. ಒಣಗಿದರೆ ಬೆಂಕಿ ಇದರ ಪೊದೆ ಹತ್ತಿ ಮರದ ಕೊಂಬೆಗೇ ಏರುತ್ತದೆ. ಮಚ್ಚಿನಿಂದ ಮೇಲೆ ಮೇಲೆ ಕಡಿದರೆ ಉಪಯೋಗವಿಲ್ಲ, ಬುಡದಿಂದ ಇನ್ನೂ ಜಾಸ್ತಿ ಚಿಗುರುತ್ತದೆ. ಬುಡದ ಸುತ್ತ ಮಣ್ಣು ಸರಿಸಿ, ಕಾಂಡ ಬೇರಿಗೆ ಸೇರುವ ಜಾಗದ ಕೆಳಗೆ ಕಡಿದು, ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಬೇಕು. ಹಣ್ಣು ಬಿಡುವ ಮುಂಚೆ ಮಾಡಿದರೆ ಒಳ್ಳೆಯದು. ಈ ಅಕ್ಕಂದಿರು ಅದನ್ನು ಎಷ್ಟು ಬೇಗ ಮಾಡುತ್ತಿದ್ದರು ಅಂದರೆ, ನಾವು ಒಂದು ಪೊದೆಯ ಬುಡ ಹುಡುಕುವಷ್ಟರಲ್ಲಿ ಅವರು ಮುಂದಿನ ಸಾಲಿನಲ್ಲಿ ಇರುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು, ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಕೂಲಿ ಸಿಗುವ ಕೆಲಸವನ್ನು ನಾವು ಪುಕ್ಕಟೆ ಮಾಡಲು ಹೋಗಬಾರದು. ಲಂಟಾನ ಕೀಳುವುದು ಕಾಡಂಚಿನ ಮನೆಗಳಿಗೆ ದುಡಿಮೆ. ವಾರದ ಕೊನೆಗೆ ಬರುವ ನಾವು ಅದನ್ನು ಬಿಟ್ಟಿಯಾಗಿ ಮಾಡಿ ಫೋಟೊ ಹಾಕಿಕೊಂಡರೆ ನಷ್ಟ ಯಾರಿಗೆ? ಹಾಗಾಗಿ ನಮ್ಮ ತಂಡ ಆರಿಸಿಕೊಂಡಿದ್ದು ಅದರ ನಂತರದ ಬೇಜಾರಿನ ಕೆಲಸ. ಲಂಟಾನದ ಹಣ್ಣನ್ನು ಪಿಕಳಾರದಂಥ ಹಕ್ಕಿಗಳು ತಿಂದು, ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಆ ಮರಗಳ ಕೆಳಗೆ ಮಳೆಗಾಲದಲ್ಲಿ ಹೊಸ ಸಸಿ ಏಳುತ್ತವೆ. ಅವನ್ನು ಹುಡುಕಿ ಕೈಯಲ್ಲಿ ಕೀಳಬೇಕು, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ. ಇದಕ್ಕೆ ಹಣವೂ ಜನವೂ ಸಿಗುವುದು ಕಷ್ಟ. ಇದಕ್ಕೆ ಬಂದು, ಆನೆ ಹುಲಿ ಏನೂ ಕಾಣದೆ ವಾಪಸ್ ಹೋಗಿ, ಮತ್ತೆ ಬಂದ ಹುಡುಗ ಹುಡುಗಿಯರಿಗೆ ದೊಡ್ಡ ಥ್ಯಾಂಕ್ಸ್.

ಮೂರನೆಯದು ಹಾಡಿಯ ಹಿರಿಯರಿಗೆ. ಬಂಡೀಪುರ ಅಂದರೆ ಹುಲಿ ಅಂತಷ್ಟೇ ನನಗೂ ಗೊತ್ತಿದ್ದದ್ದು. ಮೈಸೂರು ಮಹಾರಾಜರು 1931ರಲ್ಲಿ ಇಲ್ಲಿ ಮಾಡಿದ ವನ್ಯಜೀವಿ ಉದ್ಯಾನಕ್ಕೆ ಗೋಪಾಲಸ್ವಾಮಿ ಬೆಟ್ಟದ ಮೇಲಿನ ದೇವರ ಹೆಸರೇ ಇತ್ತು, ವೇಣುಗೋಪಾಲ. 1973ರಲ್ಲಿ ಹುಲಿ ಯೋಜನೆ ಬಂತು. ಪುಸ್ತಕದ ಇತಿಹಾಸ ಇಷ್ಟು. ಆದರೆ ಜೇನುಕುರುಬರ ಹಿರಿಯರ ಜೊತೆ ನಡೆದರೆ ಪ್ರತಿ ಕೆರೆಗೂ, ತಿರುವಿಗೂ, ಬಂಡೆಗೂ ಹೆಸರಿದೆ, ಅಲ್ಲೊಂದು ದೇವರಿದೆ, ಇನ್ನೊಂದು ಕಡೆ ಅವರ ಮುತ್ತಜ್ಜಿಯನ್ನು ಮಣ್ಣು ಮಾಡಿದ ಜಾಗ ಇದೆ. ಕಾಡಿನೊಳಗಿದ್ದ ಎಷ್ಟೋ ಕುಟುಂಬಗಳು ಹುಲಿ ಯೋಜನೆಯ ಹೊತ್ತಿಗೆ ಹೊರಗೆ ಬರಬೇಕಾಯಿತು. ಈಗ ಅದೇ ಜನರ ಮಕ್ಕಳು ಮೊಮ್ಮಕ್ಕಳು ವಾಚರ್‌ಗಳಾಗಿ ಅದೇ ಕಾಡು ಕಾಯುತ್ತಿದ್ದಾರೆ. ಇದರ ಬಗ್ಗೆ ನಾನು ಚೆಂದದ ಮಾತು ಆಡಲಾರೆ. ನಮ್ಮನ್ನು ಕರೆದುಕೊಂಡು ಹೋಗಿ ಹೆಸರುಗಳನ್ನು ಬರೆದುಕೊಳ್ಳಲು ಬಿಟ್ಟಿರಲ್ಲ, ಅದಕ್ಕೆ ಕೈಮುಗಿಯುತ್ತೇನೆ. ಬರೆದದ್ದರ ಪ್ರತಿ ಮೊದಲು ನಿಮ್ಮ ಮನೆಗೇ ಬರುತ್ತದೆ. ಯಾವುದನ್ನು ಹೊರಗೆ ಹೇಳಬಾರದು ಅಂದಿರೋ ಅದು ಅದರಲ್ಲಿ ಇಲ್ಲ.

ವೀರಗಲ್ಲುಗಳ ಹತ್ತಿರವೂ ಕೆಲಸ ಮಾಡಿದೆವು. ಸುತ್ತಲಿನ ಕಳೆ ಕಿತ್ತದ್ದು ಬಿಟ್ಟರೆ ಕಲ್ಲು ಮುಟ್ಟಲಿಲ್ಲ. ಬ್ರಷ್ ಹಾಕಿ ತಿಕ್ಕುವುದು, ಅಕ್ಷರ ಕಾಣಲಿ ಅಂತ ಸುಣ್ಣ ಬಳಿಯುವುದು, ಬಣ್ಣ ತುಂಬುವುದು ಎಲ್ಲ ಕಲ್ಲಿಗೆ ಹಾನಿ. ಉತ್ಸಾಹ ತಡೆದುಕೊಂಡ ನಮ್ಮವರಿಗೂ ಇಲ್ಲೇ ಒಂದು ಶಹಬ್ಬಾಸ್.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಬಂದ ಭಕ್ತರಲ್ಲಿ, ಬುಡದಲ್ಲಿ ಗಾಡಿ ನಿಲ್ಲಿಸಿ ಬಸ್ಸು ಹತ್ತುವಾಗ ನಾವು ಕೇಳಿದ್ದಕ್ಕೆ ಕವರು ಬಾಟಲಿ ಕೆಳಗೇ ಬಿಟ್ಟು ಹೋದವರಿಗೆಲ್ಲ ಧನ್ಯವಾದ. ಬೈದವರಿಗೂ, ಯಾಕೆಂದರೆ ಬೈದ ಮೇಲೆ ಹೆಚ್ಚಿನವರು ಬಿಟ್ಟೇ ಹೋದರು. ಊಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಬಿಸ್ಕತ್ತು ಎಸೆಯುವವರಿಗೆ ಮಾತ್ರ ಧನ್ಯವಾದ ಇಲ್ಲ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುವುದು ಪ್ರಾಣಿಗಳು ನೆಮ್ಮದಿಯಾಗಿ ದಾಟಲಿ ಅಂತ. ನೀವು ಹಗಲು ಹೊತ್ತು ಅವುಗಳನ್ನು ರಸ್ತೆಗೆ ಕರೆದು ಕೂರಿಸಿದರೆ ಹೇಗೆ?

ಉಳಿದವರು: ಶೂ ಕೊಡಿಸಿದವರು, ಜೀಪು ಕೊಟ್ಟವರು, ನಮ್ಮನ್ನು ನಂಬಿ ಅನುಮತಿ ಕೊಟ್ಟ ಅಧಿಕಾರಿಗಳು, ಶನಿವಾರ ಬಂದರೆ ಮನೆಯಲ್ಲಿ ಇಲ್ಲದ ನನ್ನನ್ನು ಸಹಿಸಿಕೊಂಡ ಮನೆಯವರು. ಹೆಸರು ಹಾಕಿಲ್ಲ. ಕೆಲವರು ಬೇಡ ಅಂದರು, ಒಬ್ಬರ ಹೆಸರು ಹಾಕಿ ಇನ್ನೊಬ್ಬರದು ಬಿಡಲು ನನಗೆ ಮನಸ್ಸಾಗಲಿಲ್ಲ.

ಲಂಟಾನ ಸಸಿ ಕೀಳುವುದು ಮಳೆ ನಿಂತಮೇಲೆ ಶುರು. ಬರುವವರು ಗಟ್ಟಿ ಕೈಗವಸು, ಉದ್ದ ಕಾಲುಚೀಲ, ಮಾಸಲು ಬಣ್ಣದ ಬಟ್ಟೆ ತನ್ನಿ. ಹುಲಿ ನೋಡಬೇಕು ಅಂತ ಇದ್ದರೆ ಸಫಾರಿಗೆ ಟಿಕೆಟ್ ತೆಗೆದುಕೊಳ್ಳಿ, ಅಲ್ಲಿ ಕಾಣುವ ಸಾಧ್ಯತೆ ಜಾಸ್ತಿ.