ಮಾಟುಂಗದಿಂದ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಪುಣೆಯ ಲಾ ಕಾಲೇಜಿಗೆಂದು ನೀನು ಬರೆದ ಪ್ರಬಂಧ ಓದಿದೆ. ‘ಸರ್ವಾಧಿಕಾರ ಇರುವಲ್ಲಿ ಕಾನೂನು ಇರುವುದಿಲ್ಲ’ ಎಂದು ಶುರು ಮಾಡಿದ್ದೀ. ನನ್ನ ತಕರಾರು ಅಲ್ಲೇ. ಅಲ್ಲಿ ಕಾನೂನಿಗೆ ಬರವೇ ಇಲ್ಲ ಮಗೂ. ವರ್ಣಭೇದದ ಕಾಲದಲ್ಲಿ ದಕ್ಷಿಣ ಆಫ್ರಿಕದ ಕರಿಯರು ಪಾಸ್ ಪುಸ್ತಕ, ಅಂದರೆ ಓಡಾಟದ ಪರವಾನಗಿ, ಇಲ್ಲದೆ ಪೇಟೆಯಲ್ಲಿ ಸಿಕ್ಕರೆ ಜೈಲು ಎಂದದ್ದೂ ಸಂಸತ್ತು ಮಾಡಿದ ಕಾನೂನೇ.

ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆ ಮುಗಿಸಿ, ಮುಂಬಯಿ ಫೋರ್ಟಿನ ವಕೀಲರೊಬ್ಬರಲ್ಲಿ ನಾನು ಟೈಪಿಸ್ಟ್ ಆಗಿದ್ದದ್ದು ತುರ್ತುಪರಿಸ್ಥಿತಿಯಲ್ಲಿ. ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾನೂನಿನಲ್ಲಿ ಹಿಡಿದವರ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಅಂದರೆ ಬಂಧನ ಸರಿಯೇ ಎಂದು ಕೋರ್ಟು ನೋಡಲಿ ಎನ್ನುವ ಅರ್ಜಿಗಳನ್ನು, ಕಾರ್ಬನ್ ಇಟ್ಟು ಹೊಡೆಯುತ್ತಿದ್ದೆ. ಮುಂಬಯಿ, ಕರ್ನಾಟಕ ಸೇರಿ 9 ಹೈಕೋರ್ಟುಗಳು ಅಂಥ ಅರ್ಜಿ ಕೇಳಬಹುದು ಎಂದಿದ್ದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ಸ್ವಂತ ಹಗೆಯಿಂದ ಯಾರನ್ನಾದರೂ ಕೊಂದರೆ ಗತಿಯೇನು ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತುಪರಿಸ್ಥಿತಿ ಇರುವತನಕ ಕೋರ್ಟಿನಲ್ಲಿ ದಾರಿಯಿಲ್ಲ ಎಂದರು ಸರ್ಕಾರದ ಪರ ವಾದಿಸುತ್ತಿದ್ದ ಅಟಾರ್ನಿ ಜನರಲ್. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಅದನ್ನೇ ಒಪ್ಪಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ವಾರ ಮೇಷ್ಟರೊಬ್ಬರ ಹೆಂಡತಿ ನಮ್ಮ ಆಫೀಸಿಗೆ ಬಂದು, ‘ಯಾವ ಜೈಲು ಅಂತಾದರೂ ಕೇಳಬಹುದೇ?’ ಎಂದರು. ವಕೀಲರು ಕನ್ನಡಕ ಒರೆಸುತ್ತಾ ಕೂತರು. ಅರ್ಜಿಗಳಿಗೆ ದಾರ ಸುತ್ತಿ ಬೀರುವಿನ ಮೇಲಿಟ್ಟೆ.

1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯಾಗುವ ಸರದಿ ಖನ್ನಾರದ್ದು. ಸರ್ಕಾರ ಅವರಿಗಿಂತ ಕಿರಿಯರೊಬ್ಬರನ್ನು ಕೂರಿಸಿತು, ಖನ್ನಾ ರಾಜೀನಾಮೆ ಕೊಟ್ಟರು. ಆ ನಾಲ್ವರಲ್ಲೊಬ್ಬರಾದ ವೈ.ವಿ. ಚಂದ್ರಚೂಡರು ಪುಣೆಯಲ್ಲೇ ಹುಟ್ಟಿದವರು. 1976ರದ್ದು ತಪ್ಪು ತೀರ್ಪೆಂದು 2017ರಲ್ಲಿ, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ, ಬರೆದದ್ದು ಸುಪ್ರೀಂ ಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಅವರ ಮಗನೇ! ಆ ಖಾಸಗಿತನದ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹೊಸ ಸಂವಿಧಾನ ಬಂದ ದೇಶಗಳ ಬಗ್ಗೆ ಬರೆಯುವಾಗ ವಿಧಿಗಳನ್ನು ಎಣಿಸುತ್ತಾ ಕೂರಬೇಡ. ನ್ಯಾಯಾಧೀಶರ ನೇಮಕ, ಬಡ್ತಿ, ವರ್ಗ ಯಾರ ಕೈಯಲ್ಲಿದೆ ಹುಡುಕು. ಪೋಲೆಂಡಿನಲ್ಲಿ 2018ರಲ್ಲಿ ಯಾರನ್ನೂ ಬಂಧಿಸಲಿಲ್ಲ. ಸುಪ್ರೀಂ ಕೋರ್ಟಿನವರ ನಿವೃತ್ತಿ ವಯಸ್ಸನ್ನು 70ರಿಂದ 65ಕ್ಕೆ ಇಳಿಸಿದರು, ಅಷ್ಟೇ. ಅದರಿಂದ ಮನೆಗೆ ಹೋಗಬೇಕಾಗಿದ್ದ ಆ ಕೋರ್ಟಿನ ಮುಖ್ಯಸ್ಥೆ ಗೆರ್ಸ್‌ಡೋರ್ಫ್ ಎಂದಿನಂತೆ ಕೆಲಸಕ್ಕೆ ಬಂದರು. ಆ ಕಾನೂನು ಸಲ್ಲದೆಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಹೇಳಿತು.

ಖನ್ನಾರ ಭಿನ್ನಮತ ಮೊದಲು ಓದು, ಬಹುಮತದ್ದು ಆಮೇಲೆ. ಮೊದಲ ಸಾಲು ತಿದ್ದಿ ಕಳಿಸು. ಮಾರ್ಕೆಟ್ಟಿಗೆ ಕೆಸುವಿನ ಎಲೆ ಬಂದಿದೆ, ಶನಿವಾರ ಬಂದರೆ ಪತ್ರೊಡೆ ಎಂದಿದ್ದಾಳೆ ದೊಡ್ಡಮ್ಮ.